ತೊಳೆಯದ ಉಣ್ಣೆ

ನಿಜಾಮರ ಸೀಮೆಯ ತಾಂಡೂರು ನಿಲ್ದಾಣದಲ್ಲಿ, ಉರ್ದು ಫಲಕದ ಕೆಳಗೆ, ನಾರಾಯಣಖೇಡದ ಕಡೆಯ ಕುರುಬ ಮುದುಕನೊಬ್ಬ ಮಗಳ ಜೊತೆ ನನ್ನೆದುರಿಗೆ ಕುಳಿತಿದ್ದ. ಚಳಿಗಾಲಕ್ಕೆ ಅವಳನ್ನು ತವರಿಗೆ ಕರೆದೊಯ್ಯಲು ಬಂದವನು. ನೆಲಕ್ಕೆ ಹಾಸುವ ಫರಸಿ ಕಲ್ಲು ಉಜ್ಜುವ ಕೈ ಒಂದು ಕಡಿಮೆಯಾಗುತ್ತದೆಂದು ಬೀಗರು ಕಳಿಸಲಿಲ್ಲ. ಈಗ ಮಗಳೇ ಅವನನ್ನು ಬೀಳ್ಕೊಡಲು ಬಂದಿದ್ದಳು. ಕಲ್ಲಿನ ಪುಡಿಗೂ ನೀರಿಗೂ ಅವಳ ಅಂಗೈ ಒಣಗಿ ಸೀಳು ಬಿಟ್ಟಿತ್ತು.

ಮುದುಕ ಗಂಟು ಬಿಚ್ಚಿ, ತೊಳೆಯದ ಕರಿ ಉಣ್ಣೆಯ ಮುದ್ದೆಯೊಂದನ್ನು ಅವಳ ಕೈಗಿಟ್ಟ. ಪಕ್ಕದಲ್ಲಿದ್ದ ವ್ಯಾಪಾರಿ ವಾಸನೆಗೆ ಮೂಗು ಮುಚ್ಚಿಕೊಂಡು, "ಕುರಿನೂ ರೈಲಿಗಿ ಹತ್ತಸ್ತೀಯೇನು ಮುತ್ಯಾ? ಅದಕ್ಕೂ ಟಿಕೇಟ್ ತಗೀ" ಎಂದ.

"ಗಟ್ಟಿ ಹಿಚುಕು ಯವ್ವಾ, ಜಿಡ್ಡು ಬಿಡ್ತದ" ಎಂದ ಮುದುಕ, ಮಗಳಿಗೆ ಮಾತ್ರ.

ಆ ಜಿಡ್ಡು ಹತ್ತಿ ಹತ್ತಿ, ಉಣ್ಣೆ ಕತ್ತರಿಸುವವರ ಕೈ ಎಂಥ ಚಳಿಯಲ್ಲೂ ಒಡೆಯುವುದಿಲ್ಲವಂತೆ. ಅವನ ಅಂಗೈ ನೋಡಿದೆ. ಆ ವಯಸ್ಸಿನಲ್ಲೂ ಮೆತ್ತಗಿತ್ತು.

"ಇಲ್ಲಿ ಅಂಗಡ್ಯಾಗ ಮಲಾಮ್ ಸಿಗ್ತದ ಯಪ್ಪಾ" ಎಂದಳು ಮಗಳು, ಹಿಚುಕುತ್ತಲೇ. ಆಮೇಲೆ ಮುದ್ದೆಯನ್ನು ಮೂಗಿಗೆ ಹಿಡಿದು ಕೇಳಿದಳು, "ಇದು ನನ್ನ ಕರೇ ಕುರಿದಾ?"

"ಅದರದೇ. ಎರಡು ಮರಿ ಹಾಕ್ಯಾದ."

ಅವಳು ಬಹಳ ಹೊತ್ತು ಉಣ್ಣೆಯಿಂದ ಮುಖ ತೆಗೆಯಲಿಲ್ಲ.

ರೈಲು ಬಂತು. ನಾನೂ ಮುದುಕನ ಡಬ್ಬಿಯನ್ನೇ ಹತ್ತಿದೆ. "ಯುಗಾದಿಗಿ ಬರ್ತೀನಿ, ಆಗ ಕಳಸ್ತಾರ" ಎಂದ ಅವನು ಕಿಟಕಿಯಿಂದ.

"ಹ್ವಾದ ವರ್ಷನೂ ಯುಗಾದಿನೇ ಅಂದಿದ್ರು."

ಅವನು ಕೈ ಚಾಚಿ ಅವಳ ಕೈ ಹಿಡಿದ. ರೈಲು ಹೊರಟಿತು. ಅವಳು ನಾಲ್ಕು ಹೆಜ್ಜೆ ಜೊತೆಗೇ ಓಡಿದಳು. ಜಿಡ್ಡು ಹತ್ತಿದ ಕೈ ಅದು, ಅವನು ಎಷ್ಟು ಬಿಗಿಯಾಗಿ ಹಿಡಿದರೂ ಜಾರಿಹೋಯಿತು.