ಕೆಂಪು ಗೆರೆಯ ತರ್ಜುಮೆ

ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದವನಿಗೆ ಇಂಗ್ಲಿಷ್ ಮಾತಾಡಲು ಹೆದರಿಕೆ ಎಂದರೆ ನೀವು ನಂಬಲಿಕ್ಕಿಲ್ಲ. ದಯವಿಟ್ಟು ನಂಬಿ. ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುವುದನ್ನು ಕಡೂರಿನ ಅದೆಷ್ಟೋ ಮಕ್ಕಳಿಗೆ ಕಲಿಸಿದ್ದೇನೆ. ಆದರೆ ಅಷ್ಟೂ ವರ್ಷದಲ್ಲಿ ಯಾರೊಬ್ಬರೂ ನನಗೆ ಇಂಗ್ಲಿಷಿನಲ್ಲಿ ಎದುರುತ್ತರ ಕೊಟ್ಟಿರಲಿಲ್ಲ. ನನ್ನ ಧೈರ್ಯವೆಲ್ಲ ಅದರಲ್ಲೇ ಇತ್ತು.

ಅದನ್ನು ಕೆಡಿಸಿದವಳು ನನ್ನ ಹಳೆಯ ವಿದ್ಯಾರ್ಥಿನಿ ಪಾರ್ವತಿ. ಸಿಂಗಟಗೆರೆಯಲ್ಲಿ ಒಂಬತ್ತು ಹೆಂಗಸರು ಸೇರಿ ಕೊಬ್ಬರಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಅದರ ಮುಖ್ಯಸ್ಥೆ ಇವಳು. ಹೊರದೇಶದ ಬಿಸಿನೆಸ್ ಕಾಲೇಜೊಂದು ತನ್ನ ವಿದ್ಯಾರ್ಥಿಗಳನ್ನು ಎರಡು ವಾರ ಇಂಥ ಸಣ್ಣ ಉದ್ಯಮಗಳಿಗೆ ಕಳಿಸುತ್ತದಂತೆ. ಅವರು ನೋಡಿ, ಅಳೆದು, ಸಲಹೆಯ ವರದಿ ಕೊಡಬೇಕು. ಅವರಿಗೆ ಅದು ಪರೀಕ್ಷೆ. ಇವರಿಗೋ, ಹುರಿಯುವ ಯಂತ್ರ ಕೊಡಿಸಬೇಕೋ ಬೇಡವೋ ಎಂದು ಒಂದು ಸಂಸ್ಥೆ ಆ ವರದಿ ನೋಡಿಯೇ ತೀರ್ಮಾನಿಸುವುದಿತ್ತು.

“ಮೇಷ್ಟ್ರೇ, ನೀವೇ ಮಧ್ಯೆ ಕೂತ್ಕಂಡು ಹೇಳ್ಬೇಕು,” ಎಂದಳು ಪಾರ್ವತಿ ಫೋನಿನಲ್ಲಿ. “ನಂಗೆ ಇಂಗ್ಲಿಷ್ ಕಲ್ಸಿದ್ದು ನೀವೇ. ಎಷ್ಟು ಬತ್ತದೆ ಅಂತ ನಿಮ್ಗೇ ಗೊತ್ತಲ್ಲ.”

ಈ ಮಾತಿಗೆ ಯಾವ ಮೇಷ್ಟ್ರು ತಾನೆ ಇಲ್ಲ ಎನ್ನಬಲ್ಲ? ಮರುದಿನದಿಂದ ಗಡ್ಡ ಹೆರೆಯುತ್ತ ಕನ್ನಡಿಯ ಮುಂದೆ ಇಂಗ್ಲಿಷ್ ಅಭ್ಯಾಸ ಶುರುಮಾಡಿದೆ. ಗದ್ದಕ್ಕೆ ಎರಡು ಕಡೆ ಗಾಯವಾಯಿತು. ನನ್ನಾಕೆ, ಸದ್ಯ ಕನ್ನಡದಲ್ಲೇ ಗಡ್ಡ ಹೆರೆದುಕೊಳ್ಳಿ ಎಂದು ಹೇಳಿ ಒಳಗೆ ಹೋದಳು.

ಹಿಂದೆ ಕಂಪನಿ ಸರ್ಕಾರದ ಕಾಲದಲ್ಲಿ ದುಭಾಷಿಗಳಿದ್ದರು. ಎರಡೂ ಕಡೆಯ ಮಾತು ಬಲ್ಲವರು. ಎರಡೂ ಕಡೆಯವರಿಗೆ ಅವರ ಮೇಲೆ ಅನುಮಾನ ಹುಟ್ಟಲು ಅಷ್ಟೇ ಸಾಕು. ಆ ಪದದಲ್ಲಿರುವುದು ‘ಎರಡು’ ಎನ್ನುವ ‘ದು’. ಆದರೆ ನನ್ನ ಕಿವಿಗೆ ಆಗ ಅದು ದುರ್ಬುದ್ಧಿಯ ‘ದು’ವಿನಂತೆಯೇ ಕೇಳುತ್ತಿತ್ತು. ಹಾಗೇಕೆ ಕೇಳಿತೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಬಂದವರು ನಾಲ್ವರು. ಅವರ ಮುಂದಾಳು ಅನ್ನಾ ಎಂಬ ಹುಡುಗಿ, ಇಪ್ಪತ್ನಾಲ್ಕರ ಆಸುಪಾಸು. ದಿನವಿಡೀ ಗಡಿಯಾರ ಹಿಡಿದು ಯಾವ ಕೆಲಸಕ್ಕೆ ಎಷ್ಟು ಹೊತ್ತು ಎಂದು ಬರೆದುಕೊಳ್ಳುತ್ತಿದ್ದಳು. ನಾನೂ ಹೇಗೋ ನಿಭಾಯಿಸುತ್ತಿದ್ದೆ. ಭಾನುವಾರ ಅವರಿಗೆ ಅಮೃತಾಪುರದ ಗುಡಿ ತೋರಿಸಿದೆ. ಅಲ್ಲಂತೂ ನನ್ನ ಇಂಗ್ಲಿಷ್ ಸರಾಗವಾಗಿ ಹರಿಯಿತು. ಕಲ್ಲಿನ ವಿಗ್ರಹಗಳು ತಪ್ಪು ತರ್ಜುಮೆಗೆ ನೊಂದುಕೊಳ್ಳುವುದಿಲ್ಲ.

ಕೊನೆಯ ದಿನ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಚಿತ್ರ ಬಿಟ್ಟು ವರದಿ ಒಪ್ಪಿಸುವುದಿತ್ತು. ಅದಕ್ಕೆ ಮುಂಚೆ ಅನ್ನಾ ಹಿತ್ತಿಲಲ್ಲಿ ಒಬ್ಬಳೇ ನಿಂತಿದ್ದಳು. ಈ ಹೆಂಗಸರಿಗೆ ಸಿಟ್ಟು ಬರುವುದಿಲ್ಲ ತಾನೆ ಎಂದು ನನ್ನನ್ನು ಕೇಳಿದಳು. ಯಾಕೆಂದು ನನಗೆ ಅರ್ಥವಾಗಲಿಲ್ಲ. ಒಳಗೆ ಹೋದ ಮೇಲೆ ಆಯಿತು.

ಗೋಡೆಯ ಮೇಲೆ ಸಿದ್ದಮ್ಮನ ಫೋಟೋ ಬಂತು. ಎಪ್ಪತ್ತು ದಾಟಿದ ಹೆಂಗಸು. ಬೇಳೆ, ಮೆಣಸಿನಕಾಯಿ ಎಲ್ಲವನ್ನೂ ಕಬ್ಬಿಣದ ಬಾಣಲೆಯಲ್ಲಿ ಹುರಿಯುವವರು ಅವರೊಬ್ಬರೇ. ಫೋಟೋದಲ್ಲಿ ಅವರ ಸುತ್ತ ಒಂದು ಕೆಂಪು ಗೆರೆ ಎಳೆದಿತ್ತು. ಕೆಲಸವೆಲ್ಲ ಇಲ್ಲಿ ಕಟ್ಟಿಕೊಂಡು ನಿಲ್ಲುತ್ತಿದೆ, ಉಳಿದ ಎಂಟು ಜನ ಈ ಒಬ್ಬರಿಗಾಗಿ ಕಾಯುತ್ತಾರೆ, ಯಂತ್ರ ಬಂದರೆ ಇವರ ಅಗತ್ಯ ಇರುವುದಿಲ್ಲ ಎಂದು ಅನ್ನಾ ಹೇಳಿದಳು.

ಅದನ್ನು ಕನ್ನಡಕ್ಕೆ ತರಲು ನಾನು ಬಾಯಿ ತೆರೆಯುವ ಮೊದಲೇ ಸಿದ್ದಮ್ಮ ನನ್ನ ಕಡೆ ತಿರುಗಿದರು. “ಮೇಷ್ಟ್ರೇ, ನನ್ ಸುತ್ತ ಯಾಕೆ ಕೆಂಪು ಗೆರೆ ಹಾಕವ್ರೆ?”

ಒಂಬತ್ತು ಜೊತೆ ಕಣ್ಣು ನನ್ನ ಮೇಲೆ. “ನೀವೇ ಇಲ್ಲಿ ಬಹಳ ಮುಖ್ಯ ಅಂತ,” ಎಂದೆ.

ಹೆಂಗಸರು ಚಪ್ಪಾಳೆ ತಟ್ಟಿದರು. ತನ್ನ ಟೀಕೆಯನ್ನು ಇವರು ಇಷ್ಟು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡರಲ್ಲ ಎಂದು ಅನ್ನಾಳ ಕಣ್ಣು ತುಂಬಿತು. ಆ ಕೋಣೆಯಲ್ಲಿ ಸಂತೋಷವಾಗಿರದಿದ್ದವನು ನಾನೊಬ್ಬನೇ.

ಊಟಕ್ಕೆ ನಿಲ್ಲದೆ ಹೊರಟೆ. ಯಂತ್ರ ಬಂದಿಳಿದ ದಿನ ಸಿದ್ದಮ್ಮನಿಗೆ ಸತ್ಯ ಗೊತ್ತಾಗುತ್ತದೆ; ಗೆರೆ ಎಳೆದವಳು ಆಗ ಇಲ್ಲಿರುವುದಿಲ್ಲ, ಸುಳ್ಳು ಹೇಳಿದವನು ಇರುತ್ತಾನೆ. ಬಸ್ ನಿಲ್ದಾಣದವರೆಗೆ ನಡೆದೆ. ಕಡೂರಿನ ಬಸ್ಸು ಬಂತು, ಹತ್ತಲಾಗಲಿಲ್ಲ. ವಾಪಸು ಹೋಗಿ, ಒಲೆಯ ಬೂದಿ ತೆಗೆಯುತ್ತಿದ್ದ ಸಿದ್ದಮ್ಮನ ಮುಂದೆ ನಿಂತು ಎಲ್ಲ ಹೇಳಿದೆ.

ಅವರು ಕೈ ಒರೆಸಿಕೊಂಡರು. “ನೀವು ಹೇಳಿದ್ದು ಸುಳ್ಳು ಅಂತ ನಿಮ್ ಮುಖ ನೋಡೇ ಗೊತ್ತಾಯ್ತು. ನನ್ ರಟ್ಟೆ ಸೋತು ವರ್ಷ ಆಯ್ತು ಮೇಷ್ಟ್ರೇ. ನಾ ಹೇಳ್ಲಿಲ್ಲ, ಇವ್ರು ಕೇಳ್ಲಿಲ್ಲ. ಆ ಹುಡ್ಗಿ ಹೇಳೇಬಿಟ್ಳು, ಒಳ್ಳೇದಾಯ್ತು.” ಆಮೇಲೆ ಸ್ವಲ್ಪ ಯೋಚಿಸಿ, “ಬೇಳೆ ಹದಕ್ಕೆ ಬಂತು ಅಂತ ಆ ಮಿಷನ್‌ಗೆ ಹೆಂಗೆ ಗೊತ್ತಾಗ್ತದಂತೆ? ಕೇಳಿ,” ಎಂದರು.

ಇಬ್ಬರೂ ಹೋಗಿ ಅನ್ನಾಳನ್ನು ಕೇಳಿದೆವು. ಮೊದಲು ನಾನು ಮಾಡಿದ ತಪ್ಪನ್ನು ಅವಳಿಗೂ ಹೇಳಬೇಕಾಯಿತು; ಆಗ ವ್ಯಾಕರಣವೆಲ್ಲ ಹಾರಿಹೋಗಿತ್ತು, ಆದರೂ ಅವಳಿಗೆ ಅರ್ಥವಾಯಿತು. ಅವಳ ಮುಖ ಕೆಂಪಾಯಿತು. ಸಿದ್ದಮ್ಮನ ಪ್ರಶ್ನೆ ತನ್ನ ವರದಿಯಲ್ಲಿ ಬಂದೇ ಇಲ್ಲ ಎಂದು ಒಪ್ಪಿಕೊಂಡಳು. ಸಂಜೆಯವರೆಗೆ ಒಲೆಯ ಪಕ್ಕ ಕೂತು, ಯಾವ ವಾಸನೆಗೆ ಕೆಳಗಿಳಿಸಬೇಕು, ಯಾವ ಬಣ್ಣಕ್ಕೆ ಕೈ ನಿಲ್ಲಿಸಬೇಕು ಎಂದು ಕೇಳಿ ಕೇಳಿ ಬರೆದುಕೊಂಡಳು. ನಾನು ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ತಿರುಗಿಸಿದೆ.

ಯಂತ್ರ ಬಂತು. ಸಿದ್ದಮ್ಮ ಈಗ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರು “ಸಾಕು” ಎಂದಾಗ ಪಾರ್ವತಿ ಗುಂಡಿ ಒತ್ತಿ ನಿಲ್ಲಿಸುತ್ತಾಳೆ. ಅನ್ನಾ ಪರೀಕ್ಷೆಯಲ್ಲಿ ಪಾಸಾದಳಂತೆ.

ಈ ವರ್ಷ ಮತ್ತೊಂದು ತಂಡ ಬರುತ್ತದೆಂದು ಪಾರ್ವತಿ ತಿಳಿಸಿದಳು. ಸಿಂಗಟಗೆರೆಗೆ ಹೋದಾಗ ಸಿದ್ದಮ್ಮನ ಹತ್ತಿರ, ಯಾಕೋ ಈ ಸಲವೂ ಹೆದರಿಕೆ ಆಗುತ್ತಿದೆ ಎಂದು ಒಪ್ಪಿಕೊಂಡೆ.

“ಆಗ್ಲಿ ಬಿಡಿ ಮೇಷ್ಟ್ರೇ,” ಎಂದರು ಅವರು, ಯಂತ್ರದಿಂದ ಕಣ್ಣು ತೆಗೆಯದೆ. “ಹೆದ್ರಿಕೆ ಇಲ್ದೋರೇ ಬೇಳೆ ಸೀಯಿಸೋದು.”