ದೊಡ್ಡಕ್ಷರದ ನಾಗವೇಣಿ ಅತ್ತೆ

ನಿನ್ನೆ ಮನೆಯ ಫ್ಯೂಸು ಹೋಗಿತ್ತು. ಎಲೆಕ್ಟ್ರಿಷಿಯನ್ ನಾಗರಾಜನ ನಂಬರಿಗಾಗಿ ಫೋನಿನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ‘ನಾಗ’ ಎಂದು ಒತ್ತಿದೆ. ನಾಗರಾಜನ ಕೆಳಗೇ ದೊಡ್ಡಕ್ಷರಗಳಲ್ಲಿ ನಾಗವೇಣಿ ಅತ್ತೆಯ ಹೆಸರೂ ಬಂತು. ಅಕ್ಷರ ಸಣ್ಣದೋ ದೊಡ್ಡದೋ ಎಂದು ಫೋನು ಕೇಳಲೇ ಇಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಹೇಳಿಬಿಡುತ್ತೇನೆ, ಕೇಳಿ. ಕೆಲವು ವರ್ಷಗಳ ಹಿಂದೆ ಯಲ್ಲಾಪುರದಲ್ಲಿ ಕಣ್ಣಿನ ಪೊರೆ ತೆಗೆಯುವ ಶಿಬಿರ ನಡೆದಿತ್ತು. ಹೆಸರು ಬರೆಸಿದವರನ್ನು ಪಟ್ಟಿಯಲ್ಲಿ ಹುಡುಕಲು ನಾನೇ ಒಂದು ಪ್ರೋಗ್ರಾಂ ಬರೆದಿದ್ದೆ. ಹೆಸರಿನ ಒಂದು ತುಂಡು ಒತ್ತಿದರೆ ಸಾಕು, ಅದನ್ನು ಹೊಟ್ಟೆಯಲ್ಲಿಟ್ಟುಕೊಂಡ ಹೆಸರುಗಳೆಲ್ಲ ಎದುರಿಗೆ ಬರುತ್ತಿದ್ದವು. ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿತು ಮೂರು ತಿಂಗಳಾಗಿತ್ತಷ್ಟೆ; ಕಾಲು ನೆಲದ ಮೇಲಿರಲಿಲ್ಲ.

ನಾಗವೇಣಿ ಅತ್ತೆ ವಜ್ರಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದರು. ನೆಂಟಸ್ತಿಕೆಯೇನಿಲ್ಲ, ನಮ್ಮ ಕಡೆ ಆ ವಯಸ್ಸಿನವರೆಲ್ಲ ಅತ್ತೆಯೇ; ‘ನಾನು’ ಎನ್ನಲು ‘ಆನು’ ಎನ್ನುವುದೂ ನಮ್ಮ ಕಡೆಯ ಮಾತೇ. ಹೆಸರು ಒತ್ತಿದೆ. ಬರಲಿಲ್ಲ.

“ಹೆಸ್ರು ಇಲ್ಲೆ ಅತ್ತೆ.”

“ಆನೇ ಬರ್ಸಿದ್ದೆ ತಮಾ. ಇನ್ನೊಂದ್ಸಲ ನೋಡು.”

“ಕಂಪ್ಯೂಟರು ಸುಳ್ಳು ಹೇಳ್ತಿಲ್ಲೆ!” ಎಂದೆ, ತಲೆಯನ್ನೂ ಎತ್ತದೆ.

“ಹಂಗಾದ್ರೆ ಆನೇ ತಪ್ಪು ಬರ್ಸಿದ್ದೆ ಕಾಣ್ತು” ಎನ್ನುತ್ತ ಅವರು ಗೋಡೆ ತಡವಿಕೊಂಡು ಹೊರಟುಹೋದರು.

ಶಿಬಿರ ಮುಗಿದ ಮೇಲೆ ಸಂಜೆ ಪಟ್ಟಿ ತಿರುವಿದರೆ ಅವರ ಹೆಸರು ಅಲ್ಲೇ ಇತ್ತು. ಉಳಿದ ಹೆಸರುಗಳನ್ನು ನಾನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ತುಂಬಿದ್ದೆ; ಕೊನೆಗೆ ಬಂದ ಅದೊಂದನ್ನು ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ದೊಡ್ಡಕ್ಷರದಲ್ಲಿ ತುಂಬಿದ್ದ. ಕಂಪ್ಯೂಟರಿಗೆ ಅವೆರಡೂ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಸಣ್ಣಕ್ಷರಕ್ಕೆ ಇಳಿಸಬೇಕು, ಒಂದೇ ಪದದ ಕೆಲಸ. ಕನ್ನಡದ ಅಕ್ಷರಗಳಲ್ಲಿ ದೊಡ್ಡವು ಸಣ್ಣವು ಎಂಬುದೇ ಇಲ್ಲವಲ್ಲ, ನನಗದು ಹೊಳೆದೇ ಇರಲಿಲ್ಲ.

ಮರುದಿನ ವಜ್ರಳ್ಳಿಗೆ ಹೋದೆ. ಮುಂದಿನ ಶಿಬಿರ ಆರು ತಿಂಗಳ ಮೇಲೆ. “ಹೆಸ್ರು ಸಿಕ್ತು ಅತ್ತೆ, ಮುಂದಿನ ಸಲ ಆಗ್ತು” ಎಂದು ಹೇಳಿ ಫೋನ್ ನಂಬರು ಬರೆದುಕೊಂಡೆ. ಯಾರ ತಪ್ಪು ಎಂದು ಹೇಳಲಿಲ್ಲ.

“ಆನು ತಪ್ಪು ಬರ್ಸಿದ್ರೂ ಹುಡ್ಕಿ ಕೊಟ್ಯಲಾ ತಮಾ!” ಎಂದವರು ಕಬ್ಬಿನ ಹಾಲಿನ ಸಿಹಿ ತೊಡೆದೇವು ತಂದಿಟ್ಟರು. ತಿಂದೆ. ಎರಡು ತಿಂದೆ. ಆರು ತಿಂಗಳು ಅವರು ಆ ಮಬ್ಬುಗಣ್ಣಲ್ಲೇ ಓಡಾಡಿದರು, ಕಂಡವರ ಹತ್ತಿರವೆಲ್ಲ ನನ್ನನ್ನು ಹೊಗಳುತ್ತ. ಈಗಲೂ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ನಿನ್ನೆ ನಾಗರಾಜನನ್ನು ಬಿಟ್ಟು ಮೊದಲು ಅತ್ತೆಗೆ ಫೋನು ಮಾಡಿದೆ. ಪಟ್ಟಿ, ಅಕ್ಷರ, ತಿಂದ ತೊಡೆದೇವು, ಎಲ್ಲ ಹೇಳಿದೆ. ತಪ್ಪು ನನ್ನದೇ ಎಂದೆ. ಬೈಗುಳಕ್ಕೆ ಕಾದೆ. ಅವರು ಒಳಗಿದ್ದ ಮಗಳನ್ನು ಕೂಗಿದ್ದು ಕೇಳಿಸಿತು:

“ಏ ಕೂಸೇ, ಕೇಳಿದ್ಯಾ? ಅವತ್ತು ಆನು ಹೆಸ್ರು ಸರಿಯಾಗೇ ಬರ್ಸಿದ್ದೆ!”