ಮೊಂಡ ಬೆರಳಿಗೆ ಕೆತ್ತಿಸಿದ ಗಿಟಾರು

ಮೂರು ಲಕ್ಷ ಅರವತ್ತು ಸಾವಿರ ರೂಪಾಯಿ ಕೊಟ್ಟು ಗಿಟಾರು ತಂದೆ. ಮಾಡಿದವನು ಹೇಳಿದ್ದು ನಾಲ್ಕು ಲಕ್ಷ ಹತ್ತು ಸಾವಿರ. ಐವತ್ತು ಸಾವಿರ ಇಳಿಸಿದೆನೆಂದು ಬೆಂಗಳೂರಿನಿಂದ ಬ್ಯಾಡಗಿಯ ತನಕ ರೈಲಿನಲ್ಲಿ ಮೀಸೆ ತಿರುವುತ್ತ ಬಂದಿದ್ದೆ. ಈಗ ಅನಿಸುತ್ತದೆ, ಒಂದೇ ಮಾತಿಗೆ ಐವತ್ತು ಸಾವಿರ ಬಿಡುವವನ ಹತ್ತಿರ ಇನ್ನೂ ಒಂದು ಲಕ್ಷ ಬಿಡುವ ಜಾಗ ಇದ್ದೇ ಇತ್ತು.

ಇಷ್ಟು ದುಡ್ಡು ಯಾಕೆ ಸುರಿದೆ ಎಂದರೆ, ಒಂದು ಬೆರಳ ತುದಿಗಾಗಿ. ಬ್ಯಾಡಗಿಯಲ್ಲಿ ನನ್ನದೊಂದು ಖಾರದ ಪುಡಿಯ ಗಿರಣಿ ಇದೆ. ಅಲ್ಲಿಯದೇ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊಲಿಯುತ್ತ, ಚೀಲ ಹೊರುತ್ತ ಮೇಲೆ ಬಂದವನು ನಾನು. ಗಿರಣಿ ಹಾಕಿದ ಎರಡನೇ ವರ್ಷ ಅದರ ಬೆಲ್ಟು ನನ್ನ ಎಡಗೈಯ ಉಂಗುರ ಬೆರಳನ್ನು ಮೇಲಿನ ಗೆಣ್ಣಿನ ತನಕ ಒಯ್ದುಬಿಟ್ಟಿತು. ಅದಕ್ಕೂ ಮೊದಲು ಹದಿನೈದು ವರ್ಷ ರಾಣೆಬೆನ್ನೂರಿನ ಒಂದು ಆರ್ಕೆಸ್ಟ್ರಾ ಪಾರ್ಟಿಯಲ್ಲಿ ಗಿಟಾರು ನುಡಿಸಿದ್ದೆ. ಮದುವೆ, ಸೀಮಂತ, ಶಾಲೆಯ ಗ್ಯಾದರಿಂಗು, ಯಾವುದಿದ್ದರೂ ಸ್ಟೇಜಿನ ಎಡಮೂಲೆಯ ಪ್ಲಾಸ್ಟಿಕ್ ಕುರ್ಚಿ ನನ್ನದು. ಆ ಕುರ್ಚಿ ನನಗೆ ಮತ್ತೆ ಬೇಕಾಗಿತ್ತು. ಉಳಿದದ್ದೆಲ್ಲ ನೆಪ.

ಗಾಯ ಮಾಯ್ದ ಮೇಲೆ ಪಾರ್ಟಿಯ ಮಾಲೀಕನ ಹತ್ತಿರ ಹೋದೆ. ಅವನೇ ಕೀಬೋರ್ಡ್ ನುಡಿಸುವವನು, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ನನ್ನ ಕೈ ನೋಡಿದ, ಒಂದು ಗುಂಡಿ ಒತ್ತಿದ, ಕೀಬೋರ್ಡಿನಿಂದ ಗಿಟಾರಿನ ಸದ್ದು ಬಂತು.

“ಮಾಮಾ, ನೀವು ಇನ್ನ ಮುಂದಿನ ಸಾಲಿನಾಗ ಕುಂತು ಕೇಳ್ರಿ. ಗಿಟಾರ್ ಇದರಾಗ ಐತಿ.”

ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲುಗಾಡಿಸಿದ ಹಾಗಿತ್ತು ಅದರ ಸದ್ದು. ಅದನ್ನು ಅವನು ಎಂಟು ವರ್ಷ ಮಂದಿಗೆ ಗಿಟಾರೆಂದು ಕೇಳಿಸಿದ, ಮಂದಿ ಎಂಟು ವರ್ಷ ಹೋಳಿಗೆ ತಿನ್ನುತ್ತ ಕೇಳಿದರು.

ಮನೆಯಲ್ಲಿ ನಾನು ಹಳೆಯ ಅಗ್ಗದ ಗಿಟಾರಿನ ಮೇಲೆ ಮೂರೂವರೆ ಬೆರಳಿನಿಂದ ಮತ್ತೆ ಕಲಿತೆ. ಉಂಗುರ ಬೆರಳಿನ ಕೆಲಸವನ್ನು ಕಿರುಬೆರಳು ಮಾಡಬೇಕು. ಅದಕ್ಕೆ ತಂತಿ ಎಟಕುವುದಿಲ್ಲ. ಎಟಕಿಸಲು ಹೋದರೆ ಹೆಬ್ಬೆರಳ ಬುಡದಲ್ಲಿ ನರ ಸೆಟೆದುಕೊಳ್ಳುತ್ತದೆ. ಮೂರನೆಯ ಹಾಡಿಗೆ ಕೈ ಕಟ್ಟಿಗೆ. ಆಗ ಯಾರೋ ಹೇಳಿದರು, ಬೆಂಗಳೂರಿನಲ್ಲಿ ಒಬ್ಬನಿದ್ದಾನೆ, ವರ್ಷಕ್ಕೆ ಹತ್ತೇ ಗಿಟಾರು ಮಾಡುತ್ತಾನೆ, ಒಂದೊಂದನ್ನೂ ಕೊಳ್ಳುವವನ ಕೈಗೆ ತಕ್ಕಂತೆ ಮಾಡುತ್ತಾನೆ ಎಂದು.

ಅವನ ಕಾರ್ಖಾನೆಗೆ ಗಾಜಿನ ಗೋಡೆ. ಹಾಲಿಲ್ಲದ ಚಹ ಕೊಟ್ಟು, ಎದುರಿಗೆ ಕೂತು, “ಸರ್, ನಿಮ್ಮ ಸಂಗೀತದ ಪಯಣ ಹೇಗಾಯ್ತು, ಹೇಳಿ” ಎಂದ.

“ಹೋಗೂದು ಬಸ್ಸಿನಾಗ್ರಿ, ಬರೂದು ಮೆಣಸಿನಕಾಯಿ ಲಾರಿಯಾಗ” ಎಂದೆ. ಅದನ್ನೂ ಬರೆದುಕೊಂಡ.

ಎರಡು ಹಲಗೆ ತಂದು ಬೆರಳಿನಿಂದ ಬಡಿದ. ಒಂದು ಹಾಡುತ್ತದಂತೆ, ಇನ್ನೊಂದು ಮಲಗಿದೆಯಂತೆ. ನನಗೆ ಕೇಳಿಸಿದ್ದು ಎರಡು ಹಲಗೆ. ಆಮೇಲೆ ಇನ್ನೊಂದು ಆಸೆ ತೋರಿಸಿದ: ಹೆಚ್ಚಿಗೆ ನಲವತ್ತು ಸಾವಿರ ಕೊಟ್ಟರೆ ಹೊಸ ಗಿಟಾರನ್ನು ಹಳೆಯದು ಮಾಡಿ ಕೊಡುತ್ತಾನೆ. ಬಣ್ಣ ಕೆರೆದು, ಮೂಲೆ ಸವೆಸಿ, ಕಬ್ಬಿಣಕ್ಕೆ ತುಕ್ಕು ಹಿಡಿಸಿ, ಮೂವತ್ತು ವರ್ಷ ನುಡಿಸಿದ ಹಾಗೆ. ನಾನು ಮೆಣಸಿನಕಾಯಿ ಪೇಟೆಯವನು. ಕೋಲ್ಡ್ ಸ್ಟೋರೇಜಿನ ಹಳೆ ಕಾಯಿಗೆ ಎಣ್ಣೆ ಸವರಿ ಹೊಸದೆಂದು ದಾಟಿಸಲು ನೋಡುವವರನ್ನು ಮೂಸಿಯೇ ಹಿಡಿದಿದ್ದೇನೆ. ಅವರಿಗಾದರೂ ಹೊಸದಕ್ಕೆ ಬೆಲೆ ಜಾಸ್ತಿ ಎಂಬ ಬುದ್ಧಿ ಇದೆ. ಕೂತು ನುಡಿಸಿ ಸವೆಸಲಾಗದವರು ದುಡ್ಡು ಕೊಟ್ಟು ಸವಕಲು ಕೊಳ್ಳುವುದನ್ನು ನೋಡಿದ್ದು ಅಲ್ಲೇ ಮೊದಲು. ಬೇಡ ಎಂದೆ. ನನ್ನ ಎಡಗೈಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದುಕೊಂಡ, ಹಿಂದೆ ಮುಂದೆ ಫೋಟೋ ತೆಗೆದುಕೊಂಡ, ಹನ್ನೊಂದು ತಿಂಗಳು ಕಾಯಿಸಿದ.

ಗಿಟಾರು ಕೈಗೆ ಬಂತು. ನೋಡಲು ಚೆಲುವೆ, ಒಪ್ಪುತ್ತೇನೆ. ಸದ್ದೂ ಒಳ್ಳೆಯದೇ. ಆದರೆ ಎಡಗೈ ಹಿಡಿಯುವ ಉದ್ದ ಕೋಲಿದೆಯಲ್ಲ, ಕುತ್ತಿಗೆ ಎನ್ನುತ್ತಾರೆ, ಅದು ಎರಡೂ ಕಡೆ ಒಂದೇ ಸಮ, ಒನಕೆಯ ಹಾಗೆ ಗುಂಡಗೆ ದಪ್ಪ. ಮೂರನೆಯ ಹಾಡಿಗೆ ಅದೇ ನರ, ಅದೇ ಜಾಗದಲ್ಲಿ ಸೆಟೆಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇಷ್ಟು ರೊಕ್ಕಕ್ಕ ಅದು ತಾನ ಬಾರಿಸ್ಕೋಬೇಕಿತ್ತು” ಎಂದಳು.

ಫೋನು ಮಾಡಿದೆ. “ದಪ್ಪ ಇದ್ರೇನೇ ಸರ್ ಟೋನು. ಆರು ತಿಂಗಳು ಕೊಡಿ, ಕೈ ಅಡ್ಜಸ್ಟ್ ಆಗುತ್ತೆ” ಎಂದ.

“ಕೈ ಅಡ್ಜಸ್ಟ್ ಆಗೂದಿದ್ರ ನಿಮ್ಮ ಹಂತೇಕ ಯಾಕ ಬರ್ತಿದ್ನಿರಿ?”

ಬೇರೆ ಕುತ್ತಿಗೆ ಬೇಕಿದ್ದರೆ ಎಪ್ಪತ್ತು ಸಾವಿರ, ಒಂಬತ್ತು ತಿಂಗಳು. ನಾನು ಒಪ್ಪಲಿಲ್ಲ. ಸಮಾಧಾನಕ್ಕೆಂದು ತನ್ನ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದ. ನಲವತ್ತು ಜನ. ಗೋಡೆಗೆ ನೇತುಹಾಕಿದ ಗಿಟಾರು, ಸೋಫಾದ ಮೇಲೆ ಮಲಗಿಸಿದ ಗಿಟಾರು, ಗಿಟಾರಿನ ಪಕ್ಕ ಕೂತ ನಾಯಿ. ಗಿಟಾರಿನ ಕೋಣೆಗೆ ಎಸಿ ಎಷ್ಟಿರಬೇಕೆಂದು ಎರಡು ದಿನ ಚರ್ಚೆ. ಎರಡು ತಿಂಗಳು ನೋಡಿದೆ, ಒಬ್ಬನೇ ಒಬ್ಬ ಅರ್ಧ ಹಾಡು ಹಾಕಲಿಲ್ಲ. ಹಾಲು ಹಿಂಡದ ಎಮ್ಮೆಗೆ ದಿನಾ ಮೈ ತಿಕ್ಕುವ ಮಂದಿ.

ಅಷ್ಟರಲ್ಲಿ ನಾನೇ ಒಂದು ದಡ್ಡತನ ಮಾಡಿದ್ದೆ. ಗಿಟಾರು ಬರುವ ಮೊದಲೇ ಪಾರ್ಟಿಯ ಮಾಲೀಕನ ಹತ್ತಿರ ಜಂಬ ಕೊಚ್ಚಿಕೊಂಡಿದ್ದೆ. ಅವನೂ ವ್ಯಾಪಾರಿ. “ರಾಣೆಬೆನ್ನೂರಾಗ ಬೀಜದ ಅಂಗಡಿಯವರ ಮನಿ ರಿಸೆಪ್ಶನ್ ಐತಿ ಮಾಮಾ. ಮೂರು ತಾಸು. ಕಡೀತನಕ ಎಳದ್ರ ಕುರ್ಚಿ ನಿಮ್ದ. ನಡುವ ಕೈ ಬಿಟ್ರ ಮತ್ತ ಕೇಳಬ್ಯಾಡ್ರಿ” ಎಂದಿದ್ದ. ಈಗ ಅದಕ್ಕೆ ಮೂರೇ ವಾರ ಉಳಿದಿತ್ತು.

ಆ ವಾರ ಗುತ್ತಲದಲ್ಲಿರುವ ಹೆಂಡತಿಯ ಅಣ್ಣನಿಗೆ ಒಂದು ಎತ್ತು ಬೇಕಾಗಿತ್ತು. ಚೌಕಾಶಿ ಇರುವ ಕಡೆಗೆಲ್ಲ ನೆಂಟರು ನನ್ನನ್ನು ಕರೆದೊಯ್ಯುತ್ತಾರೆ, ಊಟ ಹಾಕಿ ಮುಗಿಸುತ್ತಾರೆ. ಹಾವೇರಿಯ ದನದ ಪೇಟೆಗೆ ಹೋದೆವು. ಅಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ನಮ್ಮ ಕೈ ಮೇಲೆ ವಲ್ಲಿ, ಎಂದರೆ ಹೆಗಲ ಟವೆಲು, ಹೊದಿಸಿ, ಅದರೊಳಗೆ ಬೆರಳು ಹಿಡಿದು ದರ ತಿಳಿಸುತ್ತಾನೆ. ನನ್ನದೊಂದು ಉಪಾಯವಿದೆ: ಬಲಗೈಯಲ್ಲಿ ಹಗ್ಗ ಹಿಡಿದು ಎಡಗೈ ಕೊಡುತ್ತೇನೆ. ಮೊಂಡ ಬೆರಳು ಸಿಕ್ಕರೆ ದಲ್ಲಾಳಿಯ ಎಣಿಕೆ ತಪ್ಪುತ್ತದೆ. ಆದರೆ ಈ ದಲ್ಲಾಳಿ ಮುದುಕ, ಐವತ್ತು ವರ್ಷ ವಲ್ಲಿಯೊಳಗೆ ಕೈ ಆಡಿಸಿದವನು.

“ಸಾವ್ಕಾರ್ರ, ಎಡಗೈ ಕೊಡ್ತೀರಲ್ಲ, ಬಲಗೈ ಬಾಡಿಗಿಗೆ ಕೊಟ್ಟೀರೇನು?”

“ಹಗ್ಗ ಹಿಡದೇನಿ ಚಾಚಾ.”

“ಹಗ್ಗ ಅಲ್ಲರಿ. ಮೊಂಡ ಬೆರಳು ಹಿಡಿಸಿ ದರ ಅರ್ಧಕ್ಕ ಇಳಸೂ ಹಂಚಿಕಿ ನಿಮ್ದು. ಮಂದಿ ಕಣ್ಣಾಗ ಮಣ್ಣು ಒಗೀತಾರ, ನೀವು ಕೈಯಾಗ ಒಗ್ಯಾಕತ್ತೀರಿ.”

ಸುತ್ತ ನಿಂತವರು ನಕ್ಕರು. ಚಾಚಾ ವಲ್ಲಿ ತೆಗೆಯಲಿಲ್ಲ. ನನ್ನ ಹೆಬ್ಬೆರಳು ಒತ್ತಿದ, ಕಿರುಬೆರಳು ಒತ್ತಿದ, ಮತ್ತೆ ಹೆಬ್ಬೆರಳಿಗೆ ಬಂದ.

“ಈ ಕೈಯಾಗ ದಿನಾ ಏನ್ ಹಿಡೀತೀರಿ?”

“ಗಿಟಾರ್ ಹಿಡೀತೇನಿ.”

“ಏನರ ಇರ್ಲಿ. ಹೆಬ್ಬಟ್ಟು ಚೀಲ ಎತ್ತಿದ್ದು, ಹಿರೇ ಎತ್ತು. ಕಿರುಬೆರಳು ಹರೇದ ಹೋರಿ, ಇನ್ನೂ ಪಳಗಿಲ್ಲ. ಎರಡನ್ನೂ ಒಂದ ಸಮಾ ನೊಗಕ್ಕ ಹೂಡೀರಿ. ಅದಕ್ಕ ನರ ಸೆಟಿತಾವ. ಜೋರಿದ್ದದ್ದರ ಕಡೆ ಭಾರ ಬಿಡ್ರಿ, ಸಣ್ಣದ್ದರ ಕಡೆ ಹಗೂರ ಮಾಡ್ರಿ.”

ಎತ್ತಿನ ಜೋಡಿ ಸಮ ಇಲ್ಲದಿದ್ದರೆ ರೈತರು ನೇಗಿಲ ಉದ್ದ ಕೋಲನ್ನು ನೊಗದ ನಟ್ಟನಡುವೆ ಕಟ್ಟುವುದಿಲ್ಲ. ಬಲವಾದ ಎತ್ತಿನ ಕಡೆಗೆ ಸರಿಸಿ ಕಟ್ಟುತ್ತಾರೆ. ಭಾರ ಅದಕ್ಕೆ ಹೋಗುತ್ತದೆ, ಎಳೆಯದು ಹಗುರಾಗಿ ಹೆಜ್ಜೆ ಹಾಕುತ್ತದೆ. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ನನ್ನ ಕೈಯಲ್ಲೂ ಒಂದು ಜೋಡಿ ಇದೆ ಎಂದು ಹೊಳೆದಿರಲಿಲ್ಲ, ಅಷ್ಟೇ. ಮೂರು ಲಕ್ಷ ಅರವತ್ತು ಸಾವಿರ ತೆಗೆದುಕೊಂಡವನು ನನ್ನ ಕೈಯ ಸುತ್ತ ಗೆರೆ ಎಳೆದಿದ್ದ. ನಾವು ಕೊಡಿಸಿದ ಒಂದು ಚಹ ಕುಡಿದು ಹೋದ ಮುದುಕ ಕೈಯ ಬಲ ತೂಗಿದ್ದ. ಎತ್ತಿನ ದರದಲ್ಲಿ ಮಾತ್ರ ಚಾಚಾ ಒಂದು ಬೆರಳೂ ಬಿಡಲಿಲ್ಲ.

ಕಿರುಬೆರಳ ಕಡೆಯ ಮರ ಕೆರೆಸಿ ತೆಳ್ಳಗೆ ಮಾಡಿಸಲೆಂದು ಮರುದಿನ ಗಿಟಾರಿನ ಕುತ್ತಿಗೆಯ ನಾಲ್ಕು ಸ್ಕ್ರೂ ಬಿಚ್ಚಿದೆ. ಅದರೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಅದಕ್ಕೆ ಉಳಿ ತಾಗಿದರೆ ಎಲ್ಲ ಮುಗಿಯಿತು. ಸರಳು ಎಷ್ಟು ಆಳದಲ್ಲಿದೆ ಎಂದು ನೇರ ಕೇಳಿದರೆ ಬೆಂಗಳೂರಿನವನು ಗ್ಯಾರಂಟಿಯ ಪುರಾಣ ತೆಗೆಯುತ್ತಿದ್ದ. “ನಮ್ಮ ಗೆಳ್ಯಾ ಒಬ್ಬಾಂವ ನಿಮ್ಮ ಗಿಟಾರ್ ತಗೋಬೇಕಂತಾನ. ಒಳಗಿನ ರಾಡು ಎಲ್ಲೆ ಇಡ್ತಾರ ಅಂತ ಕೇಳಾಕತ್ತಾನ” ಎಂದೆ. ಐದು ನಿಮಿಷದಲ್ಲಿ ಅಳತೆ ಸಮೇತ ಚಿತ್ರವೇ ಬಂತು. ಹೊಸ ಗಿರಾಕಿಯ ವಾಸನೆ ಬಡಿದರೆ ಇವರ ಬಾಯಿ ತಾನೇ ತೆರೆಯುತ್ತದೆ.

ಕರ್ಜಗಿಯಲ್ಲಿ ಒಬ್ಬ ಬಡಿಗನಿದ್ದಾನೆ. ಕೊಡಲಿ, ಸಲಿಕೆಗೆ ಕಾವು ಹಾಕಿಕೊಡುತ್ತಾನೆ, ಕಾವು ಎಂದರೆ ಹಿಡಿಕೆ. ಅವನು ಹಾಕಿದ ಕಾವು ಹಿಡಿದವರಿಗೆ ಅಂಗೈಯಲ್ಲಿ ಬೊಕ್ಕೆ ಏಳುವುದಿಲ್ಲ ಎಂದು ಪ್ರಸಿದ್ಧಿ. ಕುತ್ತಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದಕ್ಕೆಷ್ಟು ಕೊಟ್ರಿ ಅಣ್ಣಾರ?”

“ನಲವತ್ತು ಸಾವಿರ” ಎಂದೆ. ನಿಜ ಹೇಳಿದರೆ ಅವನು ಅದನ್ನು ಮುಟ್ಟುತ್ತಿರಲಿಲ್ಲ, ಇಲ್ಲವೇ ದರ ಏರುತ್ತಿತ್ತು.

“ನಲವತ್ತು ಸಾವಿರಕ್ಕ ಕಾವು ಸುದ್ದ ನೆಟ್ಟಗಿಲ್ಲಲ್ಲರಿ” ಎಂದ.

ಚಾಚಾನ ಮಾತು ಹೇಳಿದೆ, ಸರಳಿನ ಚಿತ್ರ ತೋರಿಸಿದೆ. ಅವನು ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಕುತ್ತಿಗೆಗೆ ತೆಳ್ಳಗೆ ಬಳಿದ. “ಬಾರಿಸೂ ಹಂಗ ಹಿಡೀರಿ. ಕಣ್ಣು ಮುಚ್ಚರಿ. ನೋಡಿಕೋತ ಹಿಡದ್ರ ಕೈ ಸುಳ್ಳು ಹೇಳತೈತಿ.” ಹಿಡಿದೆ. ಕಿರುಬೆರಳು ಎಟಕಲು ಒದ್ದಾಡುವಾಗ ಅಂಗೈ ಎಲ್ಲಿ ಒತ್ತುತ್ತದೋ ಅಲ್ಲಿ ಕೆಂಪು ಅಳಿಸಿತ್ತು. ಅಷ್ಟೇ ಜಾಗವನ್ನು ಗಾಜಿನ ಚೂರಿನಿಂದ ಕೆರೆದ. ಮತ್ತೆ ಬಳಿದ, ಮತ್ತೆ ಹಿಡಿದೆ, ಮತ್ತೆ ಕೆರೆದ. ಹೆಬ್ಬೆರಳ ಕಡೆಯ ಮರ ಮುಟ್ಟಲಿಲ್ಲ, ತೆಳು ತಂತಿಗಳ ಕಡೆಯದನ್ನಷ್ಟೇ ಇಳಿಸುತ್ತ ಹೋದ. ಸುರುಳಿ ಸುರುಳಿ ಸಿಪ್ಪೆ ಬೀಳುತ್ತಿತ್ತು. ಒಂದು ಹಂತದಲ್ಲಿ ನನಗೇ ಆಸೆಯಾಗಿ “ಇನ್ನೊಂಚೂರು ತಗೀಯಪಾ” ಎಂದೆ.

“ತಗ್ಯಾಕ ಎಷ್ಟೊತ್ತು? ಹೊಳ್ಳಿ ಹಚ್ಚಾಕ ಬರಂಗಿಲ್ಲ. ಮನಿಗೊಯ್ದು ನಾಕ ದಿನ ಬಾರಿಸ್ರಿ. ಸಾಲಲಿಲ್ಲಂದ್ರ ಬರ್ರಿ.”

ಪಾಲಿಶ್ ಪೇಪರ್ ತಿಕ್ಕಿ, ಅಗಸೆ ಎಣ್ಣೆ ಉಜ್ಜಿಕೊಟ್ಟ. ಎಂಟುನೂರು ಕೇಳಿದ. ಚೌಕಾಶಿ ಮಾಡಲಿಲ್ಲ. ಹೀಗೆ ಕೇಳಿದಷ್ಟು ಕೊಟ್ಟು ಎಷ್ಟು ವರ್ಷವಾಗಿತ್ತೋ.

ನಾಲ್ಕು ದಿನ ನುಡಿಸಿದೆ, ಮತ್ತೆ ಕರ್ಜಗಿಗೆ ಹೋಗಲಿಲ್ಲ.

ರಿಸೆಪ್ಶನ್ನಿನ ಸಂಜೆ ಸ್ಟೇಜು ಹತ್ತಿದಾಗ ಪಾರ್ಟಿಯ ಮಾಲೀಕ ತನ್ನ ಕೀಬೋರ್ಡಿನ ಗಿಟಾರನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ನಾನು ನುಡಿಸಿದ್ದರ ಕೆಳಗೆ ಸಣ್ಣಗೆ ಅವನೂ ನುಡಿಸುತ್ತಿದ್ದ, ನಾನು ಬಿದ್ದರೆ ಸದ್ದು ನಿಲ್ಲಬಾರದೆಂದು. ಅದು ನನ್ನ ಮೇಲಿನ ಪ್ರೀತಿಯಲ್ಲ, ಪಾರ್ಟಿಯ ಹೆಸರಿನ ಚಿಂತೆ. ಮೂರನೆಯ ಹಾಡು ಬಂತು. ಹೆಬ್ಬೆರಳ ಬುಡವನ್ನೇ ಕಾಯುತ್ತ ಕೂತೆ. ಸೆಟೆಯಲಿಲ್ಲ. ಕಿರುಬೆರಳು ಹೋಗಿ ತಂತಿಯ ಮೇಲೆ ಕೂತಿತು. ಆರನೆಯ ಹಾಡಿಗೆ ನಾನು ನನ್ನ ಕೈ ನೋಡುವುದು ಬಿಟ್ಟು ಅವನ ಕೈ ನೋಡತೊಡಗಿದೆ. ಒಂದೂವರೆ ತಾಸಿಗೆ ಅವನು ಎಡಗೈ ತೆಗೆದು ನೀರಿನ ಬಾಟಲಿ ಎತ್ತಿಕೊಂಡ. ಮತ್ತೆ ಆ ಡಬ್ಬಿಯ ಸದ್ದು ಬರಲಿಲ್ಲ. ಕಲ್ಯಾಣ ಮಂಟಪದಲ್ಲಿ ಒಬ್ಬರೂ ಗಮನಿಸಲಿಲ್ಲ. ಅವರಿಗೆ ಮೊದಲೂ ಗಿಟಾರು ಕೇಳಿಸಿರಲಿಲ್ಲ, ಈಗಲೂ ಇಲ್ಲ. ಬಾಸುಂದಿಯ ಕೌಂಟರಿನ ಹತ್ತಿರ ನೂಕಾಟ ನಡೆದಿತ್ತು.

ವೈರು ಸುತ್ತುವಾಗ ಅವನು ಮುಖ ನೋಡದೆ ಹೇಳಿದ: “ಮಾಮಾ, ಮುಂದಿನ ವಾರ ಹಾವೇರಿಯಾಗ ಒಂದು ಮದುವಿ ಐತಿ. ನೀವ ಬರ್ರಿ.”

“ಮತ್ತ ಗಿಟಾರ್ ಅದರಾಗ ಐತೆಲ್ಲೊ?” ಎಂದು ಕೀಬೋರ್ಡು ತೋರಿಸಿದೆ.

“ಸಾಕು ಬಿಡ್ರಿ, ಹಳೇದೆಲ್ಲ ಎತ್ತಿ ಆಡಬ್ಯಾಡ್ರಿ.”

ಕೆರೆದ ಕುತ್ತಿಗೆಯ ಫೋಟೋವನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಮನೆಯಲ್ಲಿ ಸಾವಾದ ಹಾಗೆ ಮಾತಾಡಿದರು. ಅಳುವ ಮುಖಗಳ ಸಾಲು. “ಇನ್ನು ಮಾರಿದರೆ ಅರ್ಧ ಬೆಲೆಯೂ ಬರಲ್ಲ” ಎಂದು ಒಬ್ಬ. ಮೂರು ತಾಸು ನುಡಿಸಿದೆ ಎಂದು ಬರೆದೆ. ಅದರ ಕೆಳಗೂ ಅವೇ ಅಳುವ ಮುಖಗಳು. ಗುಂಪಿನಿಂದ ಹೊರಬಂದೆ.

ನೀವು ಇಂಥ ಗಿಟಾರು ಕೊಳ್ಳುವವರಿದ್ದರೆ, ಅಥವಾ ಕೈಯಲ್ಲಿ ಹಿಡಿದು ದುಡಿಸುವ ಯಾವುದನ್ನೇ ಕೊಳ್ಳುವವರಿದ್ದರೆ, ನನ್ನ ಮಾತು ಕೇಳಿ. ಮರ ಹಾಡುತ್ತದೆ ಎಂದವನಿಗೆ ಮೊದಲ ದರದ ಮುಕ್ಕಾಲಿನಿಂದ ಚೌಕಾಶಿ ಶುರು ಮಾಡಿ, ನನ್ನಂತೆ ಒಂದೇ ಹೆಜ್ಜೆಗೆ ನಿಲ್ಲಬೇಡಿ. ಸವಕಲಿಗೆ ದುಡ್ಡು ಕೊಡಬೇಡಿ, ನುಡಿಸಿದರೆ ಅದು ಪುಕ್ಕಟೆ ಬರುತ್ತದೆ. ಪೂರ್ತಿ ಹಣ ಕೊಡುವ ಮುಂಚೆ ಎರಡು ಸಂಗತಿ ಬರೆಸಿಕೊಳ್ಳಿ: ಒಳಗಿನ ಸರಳು ಎಷ್ಟು ಆಳದಲ್ಲಿದೆ, ಕೈಗೆ ಒಗ್ಗದಿದ್ದರೆ ಕೆರೆದುಕೊಡುವವರು ಯಾರು. ಕೆರೆಸುವುದಾದರೆ ಒಂದೇ ದಿನ ಪೂರ್ತಿ ಕೆರೆಸಬೇಡಿ, ನಡುವೆ ನಾಲ್ಕು ದಿನ ನುಡಿಸಿ ನೋಡಿ. ಮತ್ತೆ, ಅಂಗಡಿಗೆ ಹೋಗುವಾಗ ಹೆಗಲ ಮೇಲೆ ಒಂದು ವಲ್ಲಿ ಇರಲಿ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಎಡಗೈ ಮೇಲೆ ವಲ್ಲಿ ಹೊದ್ದು, ಕಣ್ಣು ಮುಚ್ಚಿ ಮೂರು ಹಾಡು ನುಡಿಸಿ. ಅಂಗಡಿಯವನು ನಕ್ಕರೆ ನಗಲಿ. ಮೂರನೆಯ ಹಾಡಿಗೂ ಕೈ ನೋಯದಿದ್ದರೆ ಆಮೇಲೆ ದರ ಕೇಳಿ.